ಹನ್ನೊಂದು ಹನಿ ಆಯಿಲ್

ಮಾವನವರು ತಮ್ಮ ಕಾರನ್ನು ನಮಗೆ ಕೊಟ್ಟ ದಿನ ನನ್ನ ಒಂದು ಕೈಗೆ ಕೀಲಿಯನ್ನೂ ಇನ್ನೊಂದು ಕೈಗೆ ದಪ್ಪ ರಟ್ಟಿನ ಒಂದು ನೋಟ್‌ಬುಕ್ಕನ್ನೂ ಇಟ್ಟರು. "ಕಾರು ಹಳೇದು ಮೇಷ್ಟ್ರೇ, ಆದ್ರೆ ಎಂಜಿನ್ ಹೊಸದು ಅಂತಾನೇ ತಿಳ್ಕೊಳ್ಳಿ. ಪೂರ್ತಿ ಬಿಚ್ಚಿ ನಾನೇ ಕಟ್ಟಿದ್ದೀನಿ. ನೀವು ನೋಡ್ಕೊಂಡ್ರೆ ಇನ್ನೂ ಹದಿನೈದು ವರ್ಷ ಏನೂ ಕೇಳಲ್ಲ" ಎಂದರು. ನಾನು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವನು. ಮದುವೆಯಾದಾಗಿನಿಂದಲೂ ಅವರು ನನ್ನನ್ನು ಮೇಷ್ಟ್ರೇ ಎಂದೇ ಕರೆದರು, ಬಹುವಚನದಲ್ಲೇ ಮಾತಾಡಿಸಿದರು. ಆ ಮರ್ಯಾದೆಗೆ ನಾನೆಷ್ಟು ಯೋಗ್ಯ ಎನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

ಮಾವ ಮೂವತ್ತನಾಲ್ಕು ವರ್ಷ ಬಸ್ ಡಿಪೋದ ಎಂಜಿನ್ ವಿಭಾಗದಲ್ಲಿದ್ದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಎಲ್ಲಿ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದರಂತೆ. ಅದಕ್ಕೇ ಡಿಪೋದಲ್ಲಿ ಎಲ್ಲರೂ ಅವರನ್ನು ಡಾಕ್ಟ್ರು ಎನ್ನುತ್ತಿದ್ದರು. ಕೊನೆಯ ಎರಡು ವರ್ಷ ಅವರ ಕೈ ನಡುಗಲು ಶುರುವಾಯಿತು. ಮೇಲಿನವರು ಒಂದು ಮಾತೂ ಆಡದೆ ಅವರನ್ನು ಎಂಜಿನ್ ವಿಭಾಗದಿಂದ ಎತ್ತಿ ಸ್ಟೋರ್ಸ್ ಕಿಟಕಿಯ ಹಿಂದೆ ಕೂರಿಸಿದರು. ಕೇಳಿದವರಿಗೆ ನಟ್ಟು ಬೋಲ್ಟು ಎತ್ತಿಕೊಡುವ ಕೆಲಸ. ಆ ವಿಷಯವನ್ನು ಅವರು ಮನೆಯಲ್ಲಿ ಎಂದೂ ಎತ್ತಲಿಲ್ಲ. ಆದರೆ ಆಗಿನಿಂದ ನಾಲ್ಕು ಜನರ ಮುಂದೆ ಕೂತಾಗ ಕೈಗಳನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಅಭ್ಯಾಸವಾಯಿತು.

ನಿವೃತ್ತಿಯಾದ ವಾರವೇ ಅವರು ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ವಂತ ಕಾರಿನ ಎಂಜಿನ್ ಇಳಿಸಿದರು. ಬೇರೆಯವರು ಹದಿನೈದು ದಿನದಲ್ಲಿ ಮುಗಿಸುವ ಕೆಲಸಕ್ಕೆ ಐದು ತಿಂಗಳು ತೆಗೆದುಕೊಂಡರು. ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ನಿಜವಾದ ಡಾಕ್ಟರು ಇನ್ನು ಡ್ರೈವಿಂಗ್ ಬೇಡ ಎಂದಾಗ ಕಾರು ನಮಗೆ ಬಂತು.

ನೋಟ್‌ಬುಕ್ಕಿನ ನಿಯಮ ಸರಳವಾಗಿತ್ತು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಬಾನೆಟ್ ಎತ್ತಬೇಕು. ಕೂಲೆಂಟ್ ಗೆರೆಯವರೆಗೆ ಇದೆಯೇ ನೋಡಬೇಕು. ಬ್ಯಾಟರಿಯ ತುದಿಗಳನ್ನು ಒರೆಸಬೇಕು, ಏರ್ ಫಿಲ್ಟರ್ ತೆಗೆದು ಕೊಡವಬೇಕು, ಚಕ್ರಗಳ ಗಾಳಿ ನೋಡಬೇಕು. ಕೊನೆಗೆ ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಅದರ ತುದಿಯಿಂದ ಒಂದೇ ಒಂದು ಹನಿಯನ್ನು ಬಿಳಿ ಕಾಗದದ ಚೂರಿನ ಮೇಲೆ ಬೀಳಿಸಿ, ತಾರೀಖು ಮತ್ತು ಕಿಲೋಮೀಟರ್ ಬರೆದು ನೋಟ್‌ಬುಕ್ಕಿಗೆ ಅಂಟಿಸಬೇಕು. ಮಧ್ಯಾಹ್ನ ಮಾವ ಬಸ್ಸಿನಲ್ಲಿ ಊಟಕ್ಕೆ ಬರುತ್ತಿದ್ದರು. ಊಟಕ್ಕೆ ಮೊದಲು ಕನ್ನಡಕ ಹಾಕಿ ಆ ಹನಿಯನ್ನು ನೋಡುತ್ತಿದ್ದರು. ಹನಿ ಹರಡಿದ ರೀತಿಯಲ್ಲೇ ಎಂಜಿನ್ನಿನ ಆರೋಗ್ಯವೆಲ್ಲ ಇರುತ್ತದೆ ಎನ್ನುವುದು ಅವರ ನಂಬಿಕೆ. ಬಾನೆಟ್ ಅವರೇ ಎತ್ತಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. "ಓಡಿಸೋರೇ ನೋಡ್ಕೋಬೇಕು, ಆಗ್ಲೇ ಗಾಡಿ ಮೇಲೆ ಪ್ರೀತಿ ಬರೋದು" ಎನ್ನುತ್ತಿದ್ದರು. ನಡುಗುವ ಕೈಯಲ್ಲಿ ಆ ಸಣ್ಣ ಕೊಳವೆಯೊಳಗೆ ಕಡ್ಡಿ ಸೇರಿಸುವುದನ್ನು ಅಳಿಯ ನೋಡಬಾರದು ಎನ್ನುವುದೂ ಇತ್ತೆಂದು ನನಗೆ ಆಗಲೇ ಗೊತ್ತಿತ್ತು.

ಮೊದಲ ಮೂರು ತಿಂಗಳು ನಿಯತ್ತಾಗಿ ಮಾಡಿದೆ. ನಾಲ್ಕನೇ ತಿಂಗಳ ಭಾನುವಾರ ಎದ್ದಾಗ ಹತ್ತು ಗಂಟೆ. ಹೆಂಡತಿ ನರ್ಸ್, ಅವತ್ತು ಅವಳಿಗೆ ಡ್ಯೂಟಿ. ಹೊರಗೆ ಹೋಗಿ ಬಾನೆಟ್ ಎತ್ತಿ ಕೈ ಕೊಳೆ ಮಾಡಿಕೊಳ್ಳಲು ಮೈಗಳ್ಳತನ. ಮನೆಯ ಮೂಲೆಯಲ್ಲಿ ಹಿಂದಿನ ಸಲ ಹಾಕಿ ಉಳಿದಿದ್ದ ಅರ್ಧ ಬಾಟಲಿ ಆಯಿಲ್ ಇತ್ತು. ಅದರಿಂದ ಒಂದು ಹನಿ ಕಾಗದದ ಮೇಲೆ ಬಿಟ್ಟೆ. ತೀರಾ ಹೊಂಬಣ್ಣ ಕಂಡಿತು. ನಾನು ಬಣ್ಣದ ಜೊತೆ ಬದುಕುವ ಮನುಷ್ಯ, ಅಷ್ಟಕ್ಕೇ ಬಿಡುತ್ತೇನೆಯೇ? ಕಂದು ಬಣ್ಣದ ಆಯಿಲ್ ಪೇಂಟ್ ಟ್ಯೂಬಿನಿಂದ ಸೂಜಿಮೊನೆಯಷ್ಟು ತೆಗೆದು ಕಲಸಿದೆ. ಜೇನಿನ ಬಣ್ಣ ಬಂತು. ಮಾವ ಬಂದು ನೋಡಿ "ಪರವಾಗಿಲ್ವೇ!" ಎಂದರು. ನನಗೂ ಪರವಾಗಿಲ್ಲ ಅನಿಸಿತು.

ಅಲ್ಲಿಂದ ಮುಂದೆ ನಾನು ಬಾನೆಟ್ ಎತ್ತಿದವನೇ ಅಲ್ಲ. ಪ್ರತಿ ತಿಂಗಳೂ ಬಣ್ಣವನ್ನು ಕೂದಲೆಳೆಯಷ್ಟು ಗಾಢ ಮಾಡುತ್ತಾ ಹೋದೆ. ಏಳನೇ ತಿಂಗಳು ಆಯಿಲ್ ಬದಲಾಯಿಸಬೇಕಿತ್ತು. ಬದಲಾಯಿಸಿದೆ ಎಂದು ಬಾಯಲ್ಲಿ ಹೇಳಿ, ಕಾಗದದ ಮೇಲೆ ಮತ್ತೆ ಅಪ್ಪಟ ಹೊಂಬಣ್ಣ ಇಳಿಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕೆಲಸದಲ್ಲಿ ನನಗೆ ಹೆಮ್ಮೆಯಿತ್ತು. ಶಾಲೆಯ ಮಕ್ಕಳ ಬೆಟ್ಟ, ಸೂರ್ಯ, ಎರಡು ತೆಂಗಿನಮರ ತಿದ್ದಿ ಸಾಕಾಗಿದ್ದ ನನಗೆ ಹನ್ನೊಂದು ತಿಂಗಳ ಹನ್ನೊಂದು ಹನಿಗಳು ಸ್ವಂತ ಚಿತ್ರಪ್ರದರ್ಶನದ ಹಾಗೆ ಕಾಣುತ್ತಿದ್ದವು.

ನಾನು ಲೆಕ್ಕಕ್ಕೇ ಹಿಡಿಯದಿದ್ದ ಒಂದು ವಿಷಯವಿತ್ತು. ಆ ಹನಿಗಳನ್ನು ನೋಡಿ ಮಾವ ಗೆಲುವಾಗುತ್ತಾ ಹೋದರು. "ನಾಲ್ಕು ಸಾವಿರ ಕಿಲೋಮೀಟರ್ ಆದ್ರೂ ಟೀ ಬಣ್ಣ ದಾಟಿಲ್ಲ ನೋಡಿ! ಪಿಸ್ಟನ್ ಸುತ್ತ ನಾನು ಹಾಕಿದ ರಿಂಗು ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ ಒಂದು ಚೂರು ಮಸಿ ಕೆಳಗೆ ಆಯಿಲ್‌ಗೆ ಇಳೀತಿಲ್ಲ. ಡಿಪೋದಲ್ಲಿದ್ದಾಗ್ಲೂ ನಾನು ಇಷ್ಟು ಚೆನ್ನಾಗಿ ಕಟ್ಟಿರಲಿಲ್ಲ" ಎನ್ನುತ್ತಿದ್ದರು. ಒಂದು ಭಾನುವಾರ ಊಟದ ಮೇಜಿನ ಮೇಲೆ ತಮ್ಮ ಎರಡೂ ಕೈಗಳನ್ನು ಬಿಚ್ಚಿಟ್ಟು ನೋಡಿಕೊಂಡರು. "ನಡುಗುತ್ತೆ ನಿಜ. ಆದ್ರೆ ಕೆಲಸ ಮಾಡುವಾಗ ನಡುಗಿಲ್ಲ. ಅವರು ಸುಮ್ಮನೆ ನನ್ನನ್ನ ಕಿಟಕಿ ಹಿಂದೆ ಕೂರಿಸಿದ್ರು" ಎಂದರು. ಆಗಲೇ ಬಾಯಿ ಬಿಡಬಹುದಿತ್ತು. ನೀರು ಕುಡಿದೆ.

ಹದಿನಾಲ್ಕನೇ ತಿಂಗಳಲ್ಲಿ ಡಿಪೋದ ತರಬೇತಿ ಕೇಂದ್ರದಿಂದ ಮಾವನಿಗೆ ಫೋನು ಬಂತು. ಅಲ್ಲಿನ ಮುಖ್ಯಸ್ಥೆ ಒಂದು ಕಾಲದಲ್ಲಿ ಇವರ ಕೈಕೆಳಗೇ ಸ್ಪ್ಯಾನರ್ ಹಿಡಿಯಲು ಕಲಿತವರು. ಗಾಡಿಯನ್ನು ಬಹಳ ವರ್ಷ ಬಾಳಿಸುವುದು ಹೇಗೆ ಎಂದು ಹೊಸ ತಂಡಕ್ಕೆ ಒಂದು ಗಂಟೆ ಮಾತಾಡಿ ಎಂದು ಕೇಳಿದ್ದರು. ನಮ್ಮ ನೋಟ್‌ಬುಕ್ಕಿನ ಬಗ್ಗೆ ಮಾವ ಅವರಿಗೆ ಆಗಲೇ ಹೇಳಿಕೊಂಡಾಗಿತ್ತು. "ನೀವೇ ಕರ್ಕೊಂಡು ಹೋಗಿ ಮೇಷ್ಟ್ರೇ. ನಿಮ್ಮನ್ನೂ ಅವರಿಗೆ ತೋರಿಸ್ಬೇಕು" ಎಂದರು. ನೋಟ್‌ಬುಕ್ ತೋರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಮುಗಿಯಿತು ಎಂದುಕೊಂಡು ಒಪ್ಪಿದೆ.

ಸುಮಾರು ಮೂವತ್ತು ಜನ ನೀಲಿ ಅಂಗಿಯಲ್ಲಿ ಬೆಂಚುಗಳ ಮೇಲೆ ಕೂತಿದ್ದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಚೆನ್ನಾಗಿ ಮಾತಾಡಿದರು. ಜೇಬಿನಿಂದ ಕೈ ತೆಗೆದು ಮಾತಾಡಿದರು. ಕೊನೆಗೆ ನೋಟ್‌ಬುಕ್ಕನ್ನು ಬೆಂಚಿನಿಂದ ಬೆಂಚಿಗೆ ಕಳಿಸಿ, "ಇದನ್ನೆಲ್ಲ ಮಾಡಿದ್ದು ನಮ್ಮ ಅಳಿಯಂದಿರು. ಮೆಕ್ಯಾನಿಕ್ ಅಲ್ಲ, ಡ್ರಾಯಿಂಗ್ ಮೇಷ್ಟ್ರು. ಅವರೇ ಇಷ್ಟು ಶಿಸ್ತಾಗಿ ಮಾಡಿದ್ದಾರೆ ಅಂದ್ಮೇಲೆ ನಿಮಗೇನು ಕಷ್ಟ?" ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಹಲ್ಲು ಕಿರಿದೆ.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. "ಸರ್, ಆ ಕಾರು ಹೊರಗಡೆ ನಿಂತಿದೆಯಲ್ವಾ? ಎಂಜಿನ್ ನೋಡ್ಬಹುದಾ?"

ಮಾವನ ಮುಖ ಅರಳಿತು. "ಅದಕ್ಕೇನಂತೆ! ಮೇಷ್ಟ್ರೇ, ಕೀ ಕೊಡಿ."

ತೋಚಿದ್ದನ್ನು ಹೇಳಿಬಿಟ್ಟೆ. "ಮಾವ, ಈಗ ತಾನೇ ಓಡಿಸ್ಕೊಂಡು ಬಂದಿರೋದು. ಎಂಜಿನ್ ಬಿಸಿ ಇರುತ್ತೆ, ಕಡ್ಡಿ ಸರಿಯಾಗಿ ತೋರಿಸಲ್ಲ."

"ನೋಡಿದ್ರಾ!" ಎಂದು ಮಾವ ಇಡೀ ತರಗತಿಯ ಕಡೆ ತಿರುಗಿದರು. "ಹೀಗಿರ್ಬೇಕು! ನಾನು ಮರೆತಿದ್ದೆ, ಅವರು ಮರೀಲಿಲ್ಲ. ನಾನು ಒಂದು ಗಂಟೆ ಮಾತಾಡಿದ್ದೀನಿ, ಅರ್ಧ ಆರಿರುತ್ತೆ. ಇನ್ನೊಂದು ಹತ್ತು ನಿಮಿಷ ಕಾದು ಬಾನೆಟ್ ಎತ್ತೋಣ."

ಆ ಹತ್ತು ನಿಮಿಷ ನಾವೆಲ್ಲರೂ ಅಂಗಳದಲ್ಲಿ ಕಾರಿನ ಸುತ್ತ ನಿಂತಿದ್ದೆವು. ನಾನು ಮಾವನ ಪಕ್ಕದಲ್ಲೇ ಇದ್ದೆ. ಅವರ ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೊಟ್ಟೆನೋವು ಎಂದು ಕೂತುಬಿಟ್ಟಿದ್ದರೂ ಸಾಕಿತ್ತು, ಅವರು ಎಲ್ಲ ಬಿಟ್ಟು ನನ್ನ ಜೊತೆ ಬಂದುಬಿಡುತ್ತಿದ್ದರು. ಅಷ್ಟು ಸಣ್ಣ ಧೈರ್ಯವೂ ನನ್ನಲ್ಲಿರಲಿಲ್ಲ. ಗಡಿಯಾರ ನೋಡುತ್ತಾ ನಿಂತೆ.

ಬಾನೆಟ್ ಎತ್ತಿದ ಕೂಡಲೇ ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಪುಡಿ ಗಡ್ಡೆ ಕಟ್ಟಿದ್ದು ಕಂಡಿತು. ಯಾರೋ ಏರ್ ಫಿಲ್ಟರಿನ ಡಬ್ಬಿ ತೆರೆದರು, ಒಣಗಿದ ಎಲೆಗಳು ಉದುರಿದವು. ಮಾವ ಪ್ರಶ್ನೆ ಕೇಳಿದ್ದವಳಿಗೆ "ಕಡ್ಡಿ ಎಳಿಯಮ್ಮ" ಎಂದರು. ಕಡ್ಡಿ ಹೊರಗೆ ಬಂತು. ಕೆಳಗಿನ ಗೆರೆಗಿಂತಲೂ ಕೆಳಗೆ, ತುದಿಯಲ್ಲಷ್ಟೇ, ಡಾಂಬರಿನಂಥ ಕಪ್ಪು ಅಂಟಿಕೊಂಡಿತ್ತು. ಹನಿ ಬೀಳಲಿಲ್ಲ. ಅವಳು ಕಾಗದಕ್ಕೆ ಒರೆಸಬೇಕಾಯಿತು.

ಮಾವ ಆ ಕಾಗದವನ್ನು ಮೂಗಿನ ಹತ್ತಿರ ತಂದು ಮೂಸಿದರು. ನಂತರ ನೋಟ್‌ಬುಕ್ ತರಿಸಿಕೊಂಡು ಕೊನೆಯ ಹಾಳೆಯ ಪಕ್ಕದಲ್ಲಿ ಅದನ್ನು ಹಿಡಿದರು. ನನ್ನ ಕಡೆ ತಿರುಗಲಿಲ್ಲ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ.

"ತಪ್ಪು ನಂದೇ" ಎಂದು ಮಾವ ಗಂಟಲು ಸರಿಮಾಡಿಕೊಂಡರು. "ಈ ಹನಿಗಳನ್ನ ಹಾಕ್ತಾ ಇದ್ದದ್ದು ನಾನೇ. ಕಣ್ಣು ಮಂಜು, ಕೈ ಹೀಗೆ. ಬಾಟಲಿ ಯಾವುದು, ಕಡ್ಡಿ ಯಾವುದು ಅಂತ ಗೊತ್ತಾಗ್ದೆ ಏನೋ ಮಾಡಿಬಿಟ್ಟಿದ್ದೀನಿ. ಅಳಿಯಂದಿರು ನನ್ನ ಮಾತು ನಂಬಿ ಸುಮ್ಮನಿದ್ರು. ವಯಸ್ಸಾಯ್ತು, ನೀವು ಬೇಜಾರು ಮಾಡ್ಕೋಬೇಡಿ."

ಅವರು ಕೈಗಳನ್ನು ಮತ್ತೆ ಜೇಬಿಗೆ ಇಳಿಸಿದರು. ಮೂವತ್ತನಾಲ್ಕು ವರ್ಷದ ಹೆಸರನ್ನು ಒಂದೇ ನಿಮಿಷದಲ್ಲಿ ನನಗೋಸ್ಕರ ಮಣ್ಣು ಮಾಡಿಕೊಂಡರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ದಾರಿಯುದ್ದಕ್ಕೂ ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಸಿಟ್ಟಾಗಿ ಏನಾದರೂ ಹೇಳಿ ಬಚಾವಾಗುತ್ತಿದ್ದೆನೋ ಏನೋ. "ಮುಂದೆ ಒಂದು ಅಂಗಡಿ ಸಿಗುತ್ತೆ. ಆಯಿಲ್ ತಗೊಂಡು ಒಂದು ಲೀಟರ್ ಮೇಲೆ ಹುಯ್ಯಿ, ಹೀಗೇ ಓಡಿಸಿದ್ರೆ ಎಂಜಿನ್ ಹಿಡ್ಕೊಂಡುಬಿಡುತ್ತೆ" ಎಂದರು. ಅಷ್ಟೇ. ಹುಯ್ಯಿ ಎಂದರು. ಬಹುವಚನ ಹೋಗಿತ್ತು, ಮೇಷ್ಟ್ರೇ ಎನ್ನುವುದೂ ಹೋಗಿತ್ತು. ಇಳಿಯುವಾಗ ಅವರಿಗೇ ಅದು ನೆನಪಾಗಿ "ನೀವು ಹೋಗಿಬನ್ನಿ" ಎಂದು ತಿದ್ದಿಕೊಂಡರು. ಅದು ಇನ್ನೂ ಚುಚ್ಚಿತು.

ಮೂರು ದಿನ ಹೇಗೋ ಕಳೆದೆ. ನಾಲ್ಕನೇ ದಿನ ಶಾಲೆಗೆ ರಜೆ ಹಾಕಿ ತರಬೇತಿ ಕೇಂದ್ರಕ್ಕೆ ಹೋದೆ. ಮುಖ್ಯಸ್ಥೆ ಮೇಜಿನ ಮೇಲೆ ಒಂದು ಬಿಚ್ಚಿದ ಪಂಪ್ ಇಟ್ಟುಕೊಂಡು ಕೂತಿದ್ದರು. ನಿಂತೇ ಹೇಳಿದೆ. ಹನಿ ಹಾಕಿದ್ದು ನಾನು, ಮಾವನಿಗೆ ಏನೂ ಗೊತ್ತಿರಲಿಲ್ಲ, ಅವರ ಕಣ್ಣೂ ಚೆನ್ನಾಗಿದೆ, ತಲೆಯೂ ಚೆನ್ನಾಗಿದೆ ಎಂದೆ. ತರಗತಿಯವರ ಮುಂದೆ ನಿಂತು ಹೇಳಲೂ ಸಿದ್ಧ ಎಂದೆ.

ಅವರು ಕೈ ಒರೆಸಿಕೊಂಡರು. "ಅವರಿಗೆಲ್ಲ ಅವತ್ತೇ ಗೊತ್ತಾಯ್ತು. ಓಡಿದ ಎಂಜಿನ್ನಿನ ಹನಿಗೆ ನಡುವೆ ಒಂದು ಕಪ್ಪು ಚುಕ್ಕೆ ಇರುತ್ತೆ, ಅಂಚಿಗೆ ಹೋಗ್ತಾ ತಿಳಿಯಾಗುತ್ತೆ. ನಿಮ್ಮದು ನಡುವಿಂದ ಅಂಚಿನ ತನಕ ಒಂದೇ ಬಣ್ಣ. ನೋಟ್‌ಬುಕ್ ಎರಡನೇ ಬೆಂಚಿಗೆ ಹೋಗೋ ಹೊತ್ತಿಗೇ ಗುಸುಗುಸು ಶುರುವಾಗಿತ್ತು. ಅದಕ್ಕೇ ಆ ಹುಡುಗಿ ಎಂಜಿನ್ ನೋಡ್ಬಹುದಾ ಅಂತ ಕೇಳಿದ್ದು. ಡಾಕ್ಟ್ರು ತಪ್ಪು ತಮ್ಮದು ಅಂದಾಗ ಅವರನ್ನ ಯಾರೂ ನೋಡ್ಲಿಲ್ಲ. ಎಲ್ಲರೂ ನಿಮ್ಮನ್ನೇ ನೋಡ್ತಿದ್ರು."

ನಿಜ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅದು ನನ್ನ ಮೇಲಿನ ಕನಿಕರ ಎಂದುಕೊಂಡಿದ್ದೆ.

"ಮತ್ತೆ ಮಾವನಿಗೆ ಮಾತ್ರ ಹೇಗೆ ಗೊತ್ತಾಗಲಿಲ್ಲ ಮೇಡಂ?"

"ಆ ಎಂಜಿನ್ ಚೆನ್ನಾಗಿದೆ ಅಂತ ಅವರಿಗೆ ಅನ್ನಿಸ್ಬೇಕಿತ್ತು" ಎಂದರು. ಪಂಪನ್ನು ಪಕ್ಕಕ್ಕೆ ಸರಿಸಿ, "ನನ್ನ ಹತ್ರ ಬಂದು ಹೇಳಿದ್ರಿ, ಸರಿ. ಅವರ ಹತ್ರ ಹೇಳಿದ್ರಾ?" ಎಂದು ಕೇಳಿದರು.

ಹೇಳಿರಲಿಲ್ಲ. ಗೊತ್ತಾಗಿದೆಯಲ್ಲ, ಮತ್ತೇಕೆ ಹೇಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಲ್ಲಿಂದ ನೇರ ಮಾವನ ಮನೆಗೆ ಹೋದೆ. ಅವರು ಶೆಡ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದ ಸ್ಪ್ಯಾನರುಗಳೆಲ್ಲ ಇಳಿದು ಒಂದು ರಟ್ಟಿನ ಪೆಟ್ಟಿಗೆ ಸೇರಿದ್ದವು.

"ಮಾವ, ಹನ್ನೊಂದೂ ಹನಿ ನಾನು ಬಾಟಲಿಯಿಂದ ಹಾಕಿದ್ದು. ಆಯಿಲ್ ಬದಲಾಯಿಸಿದೆ ಅಂದದ್ದೂ ಸುಳ್ಳು. ಸೋಮಾರಿತನ, ಇನ್ನೇನೂ ಅಲ್ಲ. ತಪ್ಪಾಯ್ತು."

"ಬಣ್ಣ ಯಾವುದು ಹಾಕಿದ್ರಿ?"

"ಕಂದು. ಆಯಿಲ್ ಪೇಂಟ್."

"ಚೆನ್ನಾಗಿ ಬಂದಿತ್ತು" ಎಂದರು. ವ್ಯಂಗ್ಯವಿರಲಿಲ್ಲ. ಕೆಲಸ ಬಲ್ಲವರು ಇನ್ನೊಬ್ಬರ ಕೆಲಸಕ್ಕೆ ಹೇಳುವ ಹಾಗೆ ಹೇಳಿದರು. ಪೆಟ್ಟಿಗೆಯಿಂದ ಒಂದು ಸ್ಪ್ಯಾನರ್ ಎತ್ತಿ ಮತ್ತೆ ಅಲ್ಲೇ ಇಟ್ಟರು. "ಡಿಪೋದವರು ಏನಾದ್ರೂ ಅಂದ್ಕೊಳ್ಳಲಿ, ಅದು ಬಿಡಿ. ಐದು ತಿಂಗಳು ಈ ಶೆಡ್ಡಲ್ಲಿ ಕೂತು ನಾನು ಅದನ್ನ ಕಟ್ಟಿದ್ದು ಯಾಕೆ ಗೊತ್ತಾ? ನನ್ನ ಕೈ ನಿಜವಾಗ್ಲೂ ಹೋಗಿದೆಯಾ ಇಲ್ವಾ ಅಂತ ತಿಳ್ಕೊಳ್ಳೋಕೆ. ಈಗ ಹೇಳಿ. ಆಯಿಲ್ ಹಾಗೆ ಕಪ್ಪಾಗಿ ಹೋಗಿರೋದು ನೀವು ಬದಲಾಯಿಸದೇ ಇದ್ದದ್ದಕ್ಕಾ? ಇಲ್ಲಾ, ನಾನು ರಿಂಗ್ ಸರಿಯಾಗಿ ಕೂರಿಸದೇ ಇದ್ದದ್ದಕ್ಕಾ?"

ಅದನ್ನು ಇನ್ನು ಯಾರೂ ಹೇಳುವಂತಿರಲಿಲ್ಲ. ಆ ಮನುಷ್ಯನಿಗೆ ಬೇಕಿದ್ದದ್ದು ಅದೊಂದೇ ಉತ್ತರ, ಅದನ್ನೇ ನಾನು ಹಾಳು ಮಾಡಿದ್ದೆ.

ಅದೇ ವಾರ ಹಳೆಯ ಆಯಿಲ್ ಪೂರ್ತಿ ಇಳಿಸಿ, ಎಂಜಿನ್ ತೊಳೆಸಿ, ಫಿಲ್ಟರುಗಳನ್ನು ಬದಲಾಯಿಸಿ ಹೊಸ ಆಯಿಲ್ ತುಂಬಿಸಿದೆ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು "ಅಪ್ಪನಿಗೆ ಹೀಗೆ ಮಾಡಿದ್ರಾ?" ಎಂದಳು.

ಮೊದಲ ಭಾನುವಾರ ಬಂತು. ಬೆಳಿಗ್ಗೆ ಏಳಕ್ಕೇ ಬಾನೆಟ್ ಎತ್ತಿದೆ. ಕಡ್ಡಿ ಎಳೆದೆ, ಹನಿ ಬೀಳಿಸಿದೆ. ಮಧ್ಯಾಹ್ನ ಕಾಗದವನ್ನು ಮಾವನ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದುಕೊಳ್ಳಲಿಲ್ಲ. ಮಗಳ ಕಡೆ ತಿರುಗಿ, "ಇವರು ಕಡ್ಡಿ ಎಳೆಯೋದನ್ನ ನೀನು ನೋಡಿದ್ಯಾ?" ಎಂದು ಕೇಳಿದರು.

"ನೋಡ್ದೆ ಅಪ್ಪ."

"ಸಹಿ ಹಾಕು."

ಅವಳು ಹನಿಯ ಕೆಳಗೆ ಸಹಿ ಹಾಕಿದಳು. ಆಮೇಲೆ ಅವರು ಕನ್ನಡಕ ಹಾಕಿಕೊಂಡರು. ನಲವತ್ತೆರಡು ವರ್ಷದ ನಾನು, ನೂರಾರು ಮಕ್ಕಳಿಂದ ನಮಸ್ಕಾರ ಹಾಕಿಸಿಕೊಳ್ಳುವ ನಾನು, ಒಂದು ಹನಿ ಆಯಿಲ್ಲಿಗೆ ಸಾಕ್ಷಿ ಬೇಕಾದವನಾಗಿ ಊಟದ ಮೇಜಿನ ಹತ್ತಿರ ನಿಂತಿದ್ದೆ. ಕೋಪ ಬರಲಿಲ್ಲ. ಕೋಪ ಮಾಡಿಕೊಳ್ಳಲು ಮುಖವೇ ಇರಲಿಲ್ಲ.

ಹೀಗೆ ನಾಲ್ಕು ತಿಂಗಳು ನಡೆಯಿತು. ಹನಿಗಳ ನಡುವೆ ಸಣ್ಣ ಕಪ್ಪು ಚುಕ್ಕೆ ಮೂಡತೊಡಗಿತು, ಅಂಚು ತಿಳಿಯಾಗಿಯೇ ಇತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಮಾವ ಬಾಯಿ ಬಿಡಲಿಲ್ಲ. ಈ ಸಲ ಅವರು ಅವಸರಪಡುವ ಹಾಗಿರಲಿಲ್ಲ.

ಐದನೇ ತಿಂಗಳು, ಅಂದರೆ ಕಳೆದ ಭಾನುವಾರ, ಹೆಂಡತಿಗೆ ಬೆಳಗಿನ ಡ್ಯೂಟಿ ಬಿತ್ತು. ನಾನು ಒಬ್ಬನೇ ಎಲ್ಲ ಮಾಡಿ ಹನಿ ತೆಗೆದಿಟ್ಟೆ. ಮಾವ ಬಂದು "ಅವಳೆಲ್ಲಿ?" ಎಂದರು. ಹೇಳಿದೆ. ಅವರು ಕಾಗದವನ್ನು ಮಗುಚಿ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟು, "ಬರಲಿ" ಎಂದರು. ಇಬ್ಬರೂ ಊಟ ಮಾಡಿದೆವು. ಆ ಕಾಗದ ಅಲ್ಲೇ ಇತ್ತು. ನಾನು ಮಾಡಿದ ಅಪರಾಧದ ಗಾತ್ರವನ್ನು ಅವತ್ತು ಮಧ್ಯಾಹ್ನ ಕಂಡಷ್ಟು ಸ್ಪಷ್ಟವಾಗಿ ಡಿಪೋದ ಅಂಗಳದಲ್ಲೂ ಕಂಡಿರಲಿಲ್ಲ.

ನಾಲ್ಕೂವರೆಗೆ ಅವಳು ಬಂದಳು. ಚಪ್ಪಲಿ ಬಿಡುವ ಮೊದಲೇ ವಿಷಯ ತಿಳಿದು ನನ್ನ ಜೊತೆ ಕಾರಿನ ಹತ್ತಿರ ಬಂದಳು. ಅವಳ ಕಣ್ಣೆದುರಿಗೆ ಕಡ್ಡಿ ಎಳೆದೆ, ಇನ್ನೊಂದು ಕಾಗದದ ಮೇಲೆ ಹನಿ ಬೀಳಿಸಿದೆ. ಒಳಗೆ ತಂದು ಮೇಜಿನ ಮೇಲೆ ಇಟ್ಟೆ. ಹನಿ ಪೂರ್ತಿ ಹರಡುವವರೆಗೆ ಮಾವ ಕಾದರು. ಆಮೇಲೆ ಬೆಳಗಿನ ಕಾಗದವನ್ನು ಡಬ್ಬಿಯ ಕೆಳಗಿನಿಂದ ತೆಗೆದು ಪಕ್ಕದಲ್ಲಿ ಇಟ್ಟರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಎರಡರ ನಡುವೆಯೂ ಅದೇ ಚುಕ್ಕೆ, ಸುತ್ತ ಅದೇ ಕಂದು, ಅಂಚಿನಲ್ಲಿ ಅದೇ ತಿಳಿ.

"ಎರಡೂ ಒಂದೇ" ಎಂದರು. ನಂತರ, ಯಾರಿಗೂ ಅಲ್ಲ, ತಮ್ಮಷ್ಟಕ್ಕೆ ತಾವೇ, "ರಿಂಗು ಚೆನ್ನಾಗೇ ಕೂತಿದೆ" ಎಂದರು.

ಜೇಬಿನಿಂದ ಎರಡೂ ಕೈಗಳನ್ನು ತೆಗೆದು ಅಂಟು ಕೇಳಿ ಪಡೆದುಕೊಂಡು ಎರಡೂ ಕಾಗದಗಳನ್ನು ತಾವೇ ಅಂಟಿಸಿದರು. ಕೈ ನಡುಗಿ ಎರಡೂ ಸೊಟ್ಟಗೆ ಕೂತವು. ಸಾಯಂಕಾಲದ ಹನಿಯ ಕೆಳಗೆ ಮಗಳು ಸಹಿ ಹಾಕಿದಳು. ಬೆಳಗಿನದರ ಕೆಳಗೂ ಹಾಕಲು ಅವಳು ಪೆನ್ನು ಇಡುವಷ್ಟರಲ್ಲಿ ಮಾವ ಅದನ್ನು ಅವಳ ಕೈಯಿಂದ ತೆಗೆದುಕೊಂಡು ನನ್ನ ಕಡೆ ಚಾಚಿದರು.

"ಇದಕ್ಕೆ ನೀವೇ ಹಾಕಿ, ಮೇಷ್ಟ್ರೇ."

ನಾನು ಪೆನ್ನು ತೆಗೆದುಕೊಂಡೆ. ನನ್ನ ಹೆಸರಿನ ಮೊದಲ ಅಕ್ಷರವನ್ನು ಎರಡು ಸಲ ತಿದ್ದಬೇಕಾಯಿತು.